ಮುಂಬೈನಲ್ಲಿ ಅವಸರ ಇಲ್ಲದೆ ಕೂತು ಉಣ್ಣೋ ಜಾಗ ಯಾವುದು?

ಬಳ್ಳಾರಿಯಿಂದ: ಅವ್ವನನ್ನು ಕರೆದುಕೊಂಡು ಮೊದಲ ಸಲ ಮುಂಬೈಗೆ ಹೋಗುತ್ತಿದ್ದೇನೆ. ಮರೀನ್ ಡ್ರೈವ್ ನೋಡಬೇಕು ಅಂತ ಅವಳಿಗೆ ಬಹಳ ಆಸೆ. ಆದರೆ ಝಗಮಗ ಹೋಟೆಲ್ ಅಂದ್ರೆ ಸಂಕೋಚ. ನೆಮ್ಮದಿಯಾಗಿ ಉಣ್ಣುವ ಜಾಗ ಇದ್ದರೆ ಹೇಳಿ.

ರಾಯಚೂರಿನಿಂದ: ಅಕ್ಕಾ, ಕಣ್ಣು ಮುಚ್ಚಿ ಮಾಟುಂಗಾಕ್ಕೆ ಹೋಗಿ. ಸ್ಟೇಷನ್ ಹತ್ತಿರ, ಮಹಡಿ ಮೇಲೆ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರದ್ದು. ಬಾಳೆಎಲೆ ಊಟ. ನಾನು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ದಾದರ್‌ನಲ್ಲಿ ಇಳಿದಿದ್ದೆ. ಅಲ್ಲಿಂದ ಲೋಕಲ್‌ನಲ್ಲಿ ಒಂದೇ ಸ್ಟೇಷನ್. ಬಡಿಸುವವರು "ಇನ್ನೊಂದು ಸೌಟು ಸಾರು ಹಾಕ್ಲಾ?" ಅಂತ ಕನ್ನಡದಲ್ಲೇ ಕೇಳಿದರು. ಅಷ್ಟು ದೊಡ್ಡ ಊರಲ್ಲಿ ಆ ಮಾತು ಕೇಳಿ ಗಂಟಲು ಕಟ್ಟಿತು. ಖಾರ ಮಾತ್ರ ನಮ್ಮ ಕಡೆಯಷ್ಟು ಇರಲ್ಲ, ಸಾರು ಸ್ವಲ್ಪ ಸಿಹಿ. ಅವ್ವನಿಗೆ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಕೊಪ್ಪಳದಿಂದ: ಸಂಜೆಗೆ ಧೋಬಿ ತಲಾವ್‌ನ ಕ್ಯಾನಿ. 1904ರ ಇರಾನಿ ಹೋಟೆಲ್. ಬನ್ ಮಸ್ಕಾ ಚಹಾದಲ್ಲಿ ಅದ್ದಿ ತಿನ್ನಿ. ಅಲ್ಲಿಂದ ಮರೀನ್ ಡ್ರೈವ್‌ಗೆ ನಡೆದೇ ಹೋಗಬಹುದು.

ಬಳ್ಳಾರಿಯಿಂದ: ಚಟ್ನಿಪುಡಿ ಈಗಲೇ ಕುಟ್ಟುತ್ತಿದ್ದಾಳೆ ಅವ್ವ!