ಕನ್ನಡ ಬಿಡಬೇಡಿ, ಮೊದಲು ಕಿವಿ ತೋರಿಸಿ

ಕಲಬುರಗಿಯಿಂದ ಪ್ರಶ್ನೆ ಕೇಳಿದ ತಂಗಿಗೆ ಈ ಉತ್ತರ. ಮಗನಿಗೆ ಎರಡೂವರೆ ವರ್ಷ, ಆಡುವುದು ಬೆರಳೆಣಿಕೆಯ ಪದ. ಲಂಡನ್ನಿನಿಂದ ರಜೆಗೆಂದು ತವರಿಗೆ ಬಂದಿದ್ದೀರಿ. ಮನೆಯ ಹಿರಿಯರು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಾರೆ, ಲಂಡನ್ನಿನ ಗೆಳತಿಯರು ಇಂಗ್ಲಿಷ್ ಒಂದನ್ನೇ ಮಾತನಾಡಿ ಎನ್ನುತ್ತಿದ್ದಾರೆ. ನಾನು ಬೀದರಿನವಳು, ಬ್ರಿಟನ್ನಿನಲ್ಲಿ ಸ್ಪೀಚ್ ಥೆರಪಿಸ್ಟ್. ಎರಡೂ ಸಲಹೆಗಳನ್ನು ದಯವಿಟ್ಟು ಪಕ್ಕಕ್ಕಿಡಿ.

ಎರಡು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ನಮ್ಮ ಭಾಗದಲ್ಲಿ ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಉರ್ದು, ಬೀದರಿನ ಕಡೆ ಮರಾಠಿ, ಯಾದಗಿರಿಯ ಗಡಿಯೂರುಗಳಲ್ಲಿ ತೆಲುಗು ಕೇಳುತ್ತಲೇ ಮಕ್ಕಳು ಬೆಳೆದಿದ್ದಾರೆ. ನಿಜವಾದ ತೊಂದರೆಯಿದ್ದರೆ ಅದು ಎರಡೂ ಭಾಷೆಗಳಲ್ಲಿ ಕಾಣುತ್ತದೆ. ಕನ್ನಡ ಬಿಟ್ಟರೆ ಮಗು ಆಯಿಯಿಂದ, ಅಂದರೆ ಅಜ್ಜಿಯಿಂದ, ದೂರವಾಗುತ್ತದೆ, ಅಷ್ಟೇ. ಪದ ಎಣಿಸುವಾಗ ಎಲ್ಲ ಭಾಷೆಗಳದ್ದನ್ನೂ ಕೂಡಿಸಿ. ಎರಡು ವರ್ಷಕ್ಕೆ ಸುಮಾರು 50 ಪದ, ‘ಅವ್ವಾ ಬಾ’ ಎಂಬಂತೆ ಎರಡು ಪದಗಳ ಜೋಡಣೆ ಇರಬೇಕೆಂಬುದು ನಾವು ನೋಡುವ ಅಂದಾಜು. ಆದ್ದರಿಂದ ‘ಗಂಡುಮಕ್ಕಳು ತಡ, ಅವರಪ್ಪನೂ ಹೀಗೇ ಇದ್ದ’ ಎಂಬ ಮಾತು ಕೇಳಿ ಕಾಯುತ್ತ ಕೂರಬೇಡಿ. ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಬೇಕಾದುದನ್ನು ಬೆರಳು ತೋರಿಸಿ ಕೇಳದಿದ್ದರೆ, ಮಕ್ಕಳ ಬೆಳವಣಿಗೆ ನೋಡುವ ವೈದ್ಯರನ್ನೂ ಕಾಣಿ.

ಮೊದಲ ಕೆಲಸ ಶ್ರವಣ ಪರೀಕ್ಷೆ. ಹಿಂದೆ ನಿಂತು ಚಪ್ಪಾಳೆ ತಟ್ಟಿದಾಗ ತಿರುಗಿದ ಎಂಬುದು ಸಾಲದು. ಕಿವಿ ತಮಟೆಯ ಹಿಂದೆ ನೀರಿನಂಥ ದ್ರವ ತುಂಬಿಕೊಂಡಿದ್ದರೂ ಮಗು ಗಟ್ಟಿ ಸದ್ದಿಗೆ ತಿರುಗಬಹುದು, ಆದರೆ ಮೆಲುಮಾತು ಅದಕ್ಕೆ ಸ್ಪಷ್ಟವಾಗಿ ಕೇಳಿಸದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ತಪಾಸಣೆ ಮಾಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಬಲು ದೂರ. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಕಲಬುರಗಿಯವರಿಗೂ ಬೀದರಿನವರಿಗೂ ಅದೇ ಹತ್ತಿರ. ಖಾಸಗಿಯಾಗಿ ಹೋಗುವುದಾದರೆ ಆ ಥೆರಪಿಸ್ಟರಿಗೆ ಈ ವೃತ್ತಿಯವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಬ್ರಿಟನ್ನಿನಲ್ಲಂತೂ ನೋಂದಣಿಯಿಲ್ಲದವರು ಈ ವೃತ್ತಿಯ ಹೆಸರನ್ನೇ ಬಳಸುವಂತಿಲ್ಲ.

ಸ್ಪೀಚ್ ಥೆರಪಿಸ್ಟ್ ಎಂದರೆ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ಅ ಅನ್ನು, ಆ ಅನ್ನು’ ಎನ್ನುವವರೆಂದು ಬಹಳ ಜನ ತಿಳಿದಿದ್ದಾರೆ. ಪಾರ್ಶ್ವವಾಯು ಬಡಿದವರಿಗೆ ಮಾತು ಮರಳಿಸುವುದು, ಅವರು ಉಸಿರುಕಟ್ಟದೆ ಗಂಜಿ ನುಂಗುವಂತೆ ನೋಡಿಕೊಳ್ಳುವುದು, ಉಗ್ಗು, ಸೀಳು ಅಂಗುಳ, ಪಾಠ ಹೇಳಿ ದನಿ ಕೆಟ್ಟ ಶಿಕ್ಷಕರು, ಇವೆಲ್ಲವೂ ನಮ್ಮ ಕೆಲಸವೇ. ನಿಮ್ಮ ಮಗನಂಥ ಪುಟ್ಟ ಮಕ್ಕಳ ವಿಷಯದಲ್ಲಿ ನಾವು ಹೆಚ್ಚಾಗಿ ಕಲಿಸುವುದು ಮನೆಯವರಿಗೆ. ವಾರಕ್ಕೊಮ್ಮೆ ಅರ್ಧ ಗಂಟೆ ನಮ್ಮೊಡನಿದ್ದರೆ ಏನಾದೀತು? ಉಳಿದ ಹೊತ್ತೆಲ್ಲ ಮಗು ನಿಮ್ಮ ಬಳಿಯೇ ಇರುತ್ತದೆ.

ತುಂಬಿದ ಮನೆಯಲ್ಲಿ ಒಂದು ತೊಂದರೆ ಕಂಡಿದ್ದೇನೆ. ಬಂದ ನೆಂಟರೆಲ್ಲ ‘ಕಾಕಾ ಅನ್ನು, ಮಾಮಾ ಅನ್ನು’ ಎಂದು ಪರೀಕ್ಷೆಗಿಳಿಯುತ್ತಾರೆ. ಮಗು ಬಾಯಿ ಬಿಗಿಹಿಡಿಯುತ್ತದೆ. ಅದನ್ನು ನಿಲ್ಲಿಸಿ. ಆಯಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿ, ಕೈಗೊಂದು ಹಿಟ್ಟಿನುಂಡೆ ಕೊಡಿ. ‘ತಟ್ಟು, ತಟ್ಟು... ಬಿಸಿ... ಉಬ್ಬಿತು’ ಎಂದು ಆಯಿ ಹೇಳುತ್ತಿರಲಿ, ಉತ್ತರ ಕೇಳದಿರಲಿ. ಅವನು ‘ರೊಟ್ಟಿ’ ಎಂದರೆ ‘ಬಿಸಿ ರೊಟ್ಟಿ’ ಎನ್ನಿ. ಒಂದೇ ಪದ ಕೂಡಿಸಿದರೆ ಸಾಕು. ‘ಹಾಲೋ ನೀರೋ?’ ಎಂದು ಎರಡನ್ನೂ ಹಿಡಿದು ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಊಟದ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಹೊರಡುವ ಮುನ್ನ ಶ್ರವಣ ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದೇ ಬನ್ನಿ. ಲಂಡನ್ನಿಗೆ ತಲುಪಿದ ಮೇಲೆ ಹೆಲ್ತ್ ವಿಸಿಟರ್‌ಗೆ (ಪುಟ್ಟ ಮಕ್ಕಳ ಬೆಳವಣಿಗೆ ನೋಡಿಕೊಳ್ಳುವ ಅಲ್ಲಿನ ದಾದಿ) ಫೋನ್ ಮಾಡಿ ಸ್ಪೀಚ್ ಥೆರಪಿಗೆ ಹೆಸರು ಬರೆಸಿ, ಕನ್ನಡ ದುಭಾಷಿ ಬೇಕೆಂದು ಆಗಲೇ ಹೇಳಿ. ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಕಾಯುವ ಪಟ್ಟಿ ಉದ್ದವಿರುತ್ತದೆ. ಕಲಬುರಗಿಯಿಂದಲೇ ಕರೆ ಮಾಡಿದರೆ ಇನ್ನೂ ಒಳ್ಳೆಯದು.