ಸ್ವಂತ ಹೆಸರಿನಲ್ಲೇ ನಿಂದಿಸುವವರಿಗೆ ಧೈರ್ಯ ಎಲ್ಲಿಂದ ಬರುತ್ತದೆ?

ಪ್ರಶ್ನೆ – ತುಂಗಾತೀರ

ಸೈಬರ್ ಕಿರುಕುಳದ ಮಾತು ಬಂದಾಗಲೆಲ್ಲ ನಕಲಿ ಖಾತೆಗಳನ್ನು ದೂರುವುದು ವಾಡಿಕೆಯಾಗಿದೆ. ಆದರೆ ಕನ್ನಡದ ಟ್ರೋಲ್ ಪುಟಗಳಲ್ಲಿ ನಟಿಯರ ಬಗ್ಗೆ ಹೀನಾಯವಾಗಿ ಕಮೆಂಟ್ ಬರೆಯುವ ಎಷ್ಟೋ ಜನ ತಮ್ಮ ಹೆಸರು, ಊರು, ಮಗುವನ್ನೆತ್ತಿಕೊಂಡ ಭಾವಚಿತ್ರ ಎಲ್ಲವನ್ನೂ ಹಾಕಿಕೊಂಡೇ ಬರೆಯುತ್ತಾರೆ. ಎದುರು ಸಿಕ್ಕರೆ ಬಹುಶಃ ನಮಸ್ಕರಿಸಿ ಹೋಗುವಂಥವರು ಅಲ್ಲಿ ಹೀಗೇಕೆ ಆಗುತ್ತಾರೆ?

ಉತ್ತರ – ಕಪಿಲಾ

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್, ಅಂತರ್ಜಾಲದಲ್ಲಿ ಜನರ ಸಂಕೋಚ ಕಳಚಿಬೀಳುವುದಕ್ಕೆ 2004ರ ಲೇಖನವೊಂದರಲ್ಲಿ ಆರು ಕಾರಣಗಳನ್ನು ಗುರುತಿಸಿದ್ದರು. ಅನಾಮಿಕತೆ ಅವುಗಳಲ್ಲಿ ಒಂದು ಮಾತ್ರ. ನಿಮ್ಮ ಪ್ರಶ್ನೆಗೆ ಹೆಚ್ಚು ಹೊಂದುವುದು ಬೇರೆ ಎರಡು: ಬೈಸಿಕೊಂಡವರ ಮುಖ ಬೈದವರಿಗೆ ಕಾಣುವುದಿಲ್ಲ, ಉತ್ತರವೂ ಆ ಕ್ಷಣದಲ್ಲೇ ಬರುವುದಿಲ್ಲ. ಜಗಲಿಯಲ್ಲಿ ಕುಳಿತು ಯಾರದೋ ಕಾಲೆಳೆಯುವಾಗ ಅವರ ಕಣ್ಣು ತುಂಬಿಕೊಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊಬೈಲಿನಲ್ಲಿ ಆ ತಡೆಯಿಲ್ಲ.

ಹೆಸರು ಬಯಲಾದರೆ ಸಾಕೆಂದು ನಂಬಿದ ದಕ್ಷಿಣ ಕೊರಿಯಾ, ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಗುರುತನ್ನು ದೃಢಪಡಿಸಬೇಕೆಂಬ ನಿಯಮವನ್ನು 2007ರಲ್ಲಿ ಜಾರಿಗೆ ತಂದಿತ್ತು. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2012ರಲ್ಲಿ ಅದನ್ನು ಸರ್ವಾನುಮತದಿಂದ ರದ್ದುಪಡಿಸಿತು. ಕಾನೂನುಬಾಹಿರ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲವೆಂಬುದೂ ಅದು ಕೊಟ್ಟ ಕಾರಣಗಳಲ್ಲೊಂದು.

ಉತ್ತರ – ಹಳೇಪೇಟೆ

ಎಲ್ಲವನ್ನೂ ಮನುಷ್ಯರ ಮನಸ್ಸಿನ ಮೇಲೆ ಹೊರಿಸಿದರೆ ಕಂಪನಿಗಳಿಗೆ ಬಹಳ ಅನುಕೂಲ. ಯಾವ ಬರಹವನ್ನು ಯಾರಿಗೆ ತೋರಿಸಬೇಕೆಂದು ಲೆಕ್ಕ ಹಾಕುವಾಗ ಫೇಸ್‌ಬುಕ್ 2017ರಿಂದ ಕೋಪದ ಮುಖವೂ ಸೇರಿದಂತೆ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ನ ಐದು ಪಟ್ಟು ತೂಕ ಕೊಡುತ್ತಿತ್ತೆಂಬುದು 2021ರಲ್ಲಿ ಹೊರಬಿದ್ದ ಆಂತರಿಕ ದಾಖಲೆಗಳಿಂದ ತಿಳಿಯಿತು. ಕೋಪದ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಅಷ್ಟು ಕಾಲ, ಯಾರನ್ನಾದರೂ ಹೀಯಾಳಿಸಿದ ಬರಹಕ್ಕೆ ಸಿಟ್ಟಾಗಿ ಕೆಂಪು ಮುಖ ಒತ್ತಿದ ಸಜ್ಜನರೂ ತಮಗರಿವಿಲ್ಲದೆ ಅದಕ್ಕೇ ಹೆಗಲು ಕೊಡುತ್ತಿದ್ದರು.

ಉತ್ತರ – ಮಲೆನಾಡ ಮೇಷ್ಟ್ರು

ನಟಿಯರ ವಿಷಯ ಬೇರೆ, ಮಕ್ಕಳ ವಿಷಯ ಬೇರೆ. ಹದಿಹರೆಯದವರಲ್ಲಿ ಕಿರುಕುಳ ಕೊಡುವವರು ಬಹುಮಟ್ಟಿಗೆ ಪರಿಚಿತರೇ ಆಗಿರುತ್ತಾರೆ. ತರಗತಿಯಲ್ಲಿ ಹುಟ್ಟಿದ ಜಗಳ ಹಿಂದೆಲ್ಲ ಗಂಟೆ ಬಾರಿಸಿದ ಮೇಲೆ ಮುಗಿಯುತ್ತಿತ್ತು; ಈಗ ಅದು ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಮನೆಯೊಳಕ್ಕೂ ಬರುತ್ತದೆ. ಶಾಲಾ ಕಿರುಕುಳವನ್ನು ಮೊದಲಿಗೆ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್, ಅದು ಮತ್ತೆ ಮತ್ತೆ ನಡೆಯುವುದನ್ನು ಮುಖ್ಯ ಲಕ್ಷಣವೆಂದು ಹೇಳಿದ್ದರು. ಜಾಲತಾಣದಲ್ಲಿ ಒಬ್ಬನು ಒಮ್ಮೆ ಹಾಕಿದರೆ ಸಾಕು, ಮರುಕಳಿಸುವ ಕೆಲಸವನ್ನು ಫಾರ್ವರ್ಡ್ ಮಾಡುವ ಗೆಳೆಯರು ವಹಿಸಿಕೊಳ್ಳುತ್ತಾರೆ. ವಿಚಾರಿಸಿದರೆ ಪ್ರತಿಯೊಬ್ಬನೂ ತಾನು ಒಂದೇ ಸಲ ಕಳುಹಿಸಿದೆನೆಂದು ಹೇಳುತ್ತಾನೆ, ಅದು ಸುಳ್ಳೂ ಆಗಿರುವುದಿಲ್ಲ.