ಹಡಗು ಕಟ್ಟುವ ಮೂರಿಂಗ್ ಹಗ್ಗ ಕಡಿಯುವ ಮೊದಲು ಗುರುತು ಸಿಗುತ್ತದಾ? ಹೊಸ ಹುಡುಗ ಎಲ್ಲಿ ನಿಲ್ಲಬೇಕು?

ಕುಂಬಳೆ_ಕಡಲು:
ನನ್ನ ತಮ್ಮ ಜಿಪಿ ರೇಟಿಂಗ್ (ಹಡಗಿನ ಕೆಳಹಂತದ ಕೆಲಸದ) ಕೋರ್ಸು ಮುಗಿಸಿ ಮುಂದಿನ ತಿಂಗಳು ಬಲ್ಕ್ ಕ್ಯಾರಿಯರ್ (ಬಿಡಿ ಸರಕಿನ ಹಡಗು) ಹತ್ತಲಿಕ್ಕಿದ್ದಾನೆ. ಹಡಗು ಕಟ್ಟುವಾಗ ಅವನ ಕೆಲಸ ಹಿಂಭಾಗದ ಡೆಕ್ಕಿನಲ್ಲಂತೆ. ಕಡಿದ ಹಗ್ಗ ಬಡಿಯುವ ಜಾಗವೆಂದು ನೆಲಕ್ಕೆ ಬಳಿದ ಹಳದಿ ಗೆರೆಯ ಹೊರಗೆ ನಿಂತರಾಯಿತು ಎಂದು ಯಾರೋ ಹೇಳಿಕೊಟ್ಟಿದ್ದಾರೆ. ಅಷ್ಟು ಸಾಕಾ? ಹಗ್ಗ ಕಡಿಯುವ ಸೂಚನೆ ಮೊದಲೇ ಸಿಗುತ್ತದಾ? ತಿಳಿದವರು ಬಿಡಿಸಿ ಹೇಳಿ, ಅವನಿಗೆ ಓದಿ ಹೇಳಬೇಕು.

ಉದುಮ_ಬೋಸನ್:
ಹಳದಿ ಗೆರೆಯನ್ನು ನಂಬಬೇಡ ಎಂದೇ ಮೊದಲು ಹೇಳಿ. ವಿಂಚಿನಿಂದ (ಹಗ್ಗ ಎಳೆಯುವ ಯಂತ್ರ) ಫೇರ್‌ಲೀಡಿಗೆ (ಹಗ್ಗ ಹಡಗಿನಿಂದ ಹೊರಹೋಗುವ ಕಿಂಡಿ) ಹಗ್ಗ ನೇರ ಹೋದರೆ ಅದು ಚಿಮ್ಮುವ ದಾರಿಯನ್ನು ಸುಮಾರಾಗಿ ಊಹಿಸಬಹುದು. ನಡುವೆ ಪೆಡೆಸ್ಟಲ್ ರೋಲರಿಗೆ (ಹಗ್ಗದ ದಿಕ್ಕು ತಿರುಗಿಸಲು ಡೆಕ್ಕಿನಲ್ಲಿ ನಿಲ್ಲಿಸಿದ ಉರುಳೆ) ತಾಗಿ ತಿರುಗಿದ್ದರೆ, ಕಡಿದ ತುದಿ ರೋಲರಿನ ಸುತ್ತ ಬೀಸಿ ಡೆಕ್ಕಿನ ಅಗಲಕ್ಕೂ ಬಡಿಯುತ್ತದೆ. ಅದಕ್ಕೇ ಈಗ ಇಡೀ ಮೂರಿಂಗ್ ಡೆಕ್ಕನ್ನೇ ಅಪಾಯದ ಜಾಗ ಎಂದು ಎಣಿಸುವುದು.

ಭಾರ ಬಿದ್ದ ಹಗ್ಗದ ನೇರಕ್ಕೆ ನಿಲ್ಲಬಾರದು. ತಿರುವಿನ ಒಳಮೂಲೆಗೆ ಹೋಗಲೇಬಾರದು, ರೋಲರ್ ಕಿತ್ತು ಬಂದರೆ ಹಗ್ಗ ಬರುವುದು ಅಲ್ಲಿಗೇ. ಬಿದ್ದ ಸುರುಳಿಯೊಳಗೆ ಕಾಲಿಡಬಾರದು. ವಾರ್ಪಿಂಗ್ ಡ್ರಮ್ಮಿನಲ್ಲಿ (ವಿಂಚಿನ ಬದಿಯಲ್ಲಿ ತಿರುಗುವ, ಹಗ್ಗ ಸುತ್ತಿ ಎಳೆಯುವ ಉರುಳೆ) ಹಗ್ಗ ಹಿಡಿಯುವವನು ಡ್ರಮ್ಮಿನಿಂದ ಒಂದು ಮೀಟರಾದರೂ ಹಿಂದೆ ಇರಬೇಕು. ಜಾರಿದ ಹಗ್ಗ ಗಕ್ಕನೆ ಕಚ್ಚಿಕೊಂಡರೆ ಕೈಯನ್ನೂ ಒಳಗೆ ಎಳೆಯುತ್ತದೆ. ಅವನ ಹಿಂದೆ ಸಡಿಲ ಹಗ್ಗ ಎಳೆದು ಸುತ್ತಿಡಲಿಕ್ಕೆ ಇನ್ನೊಬ್ಬ ಬೇಕು.

ಚಂದ್ರಗಿರಿ_ತೀರ:
ಸೂಚನೆಯ ಬಗ್ಗೆ. ಹಿಂದಿನ ಹಡಗು ಮೇಸ್ತ್ರಿಗಳಾದ ಸಾರಂಗ, ಟಿಂಡಾಲರ ಕಾಲದ ಮನಿಲಾ ನಾರಿನ ಹಗ್ಗ, ನಮ್ಮ ಕಡೆಯ ಕತ್ತದ ಹಗ್ಗ ಎಲ್ಲ ಕಡಿಯುವ ಮೊದಲು ಕರಕರ ಎನ್ನುತ್ತಿದ್ದವು. ಕತ್ತದ್ದು ನೀರಿನಲ್ಲಿ ತೇಲುತ್ತಿತ್ತು, ಚೆನ್ನಾಗಿ ಹಿಗ್ಗುತ್ತಿತ್ತು, ಗಟ್ಟಿ ಮಾತ್ರ ಕಡಿಮೆ. ನೈಲಾನ್, ಪಾಲಿಪ್ರೊಪಿಲೀನ್ ಹಾಗಲ್ಲ, ಹೆಚ್ಚಿನ ಸಲ ಸದ್ದೇ ಇಲ್ಲದೆ ಹೋಗುತ್ತವೆ. ಹಾಗಾಗಿ ಭಾರ ಬಿದ್ದ ಮೇಲೆ ಗುರುತು ಕಾಯುವುದಲ್ಲ, ಸಡಿಲ ಇದ್ದಾಗಲೇ ಹಗ್ಗ ನೋಡಿಡಬೇಕು.

ನೋಡುವುದು ಹೀಗೆ: ಎಳೆಗಳನ್ನು ಕೈಯಲ್ಲೇ ಬಿಡಿಸಿ ಒಳಗೆ ನೋಡಿ. ಹುಡಿ ಉದುರಿದರೆ ಒಳಗೇ ಸವೆದಿದೆ ಎಂದರ್ಥ. ಮೇಲ್ಮೈ ಹೊಳಪಾಗಿ ಗಡುಸಾಗಿದ್ದರೆ ಡ್ರಮ್ಮಿನಲ್ಲಿ ಜಾರಿ ಕರಗಿದೆ. ತುದಿಯ ಕುಣಿಕೆಯಾದ ಕಣ್ಣಿನ ಬುಡ, ಎಳೆ ಹೆಣೆದು ಜೋಡಿಸಿದ ಸ್ಪ್ಲೈಸಿನ ತುದಿ, ಫೇರ್‌ಲೀಡಿಗೆ ಉಜ್ಜುವ ಭಾಗ, ಈ ಮೂರು ಕಡೆ ಹೆಚ್ಚು ಹೊತ್ತು ಕಳೆಯಬೇಕು. ಫೇರ್‌ಲೀಡನ್ನೂ ಬೆರಳಲ್ಲಿ ಸವರಿ ನೋಡಲಿ. ಹಿಂದೆ ಉಕ್ಕಿನ ವೈರ್ ಓಡಿದ ಗೀರು ಉಳಿದಿದ್ದರೆ ಹೊಸ ಹಗ್ಗವನ್ನೂ ಅದು ಗರಗಸದ ಹಾಗೆ ಕೊಯ್ಯುತ್ತದೆ. ನೈಲಾನ್ ಒದ್ದೆಯಾದಾಗ ಬಲ ಶೇ. 10ಕ್ಕಿಂತ ಹೆಚ್ಚೇ ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕುಂಬಳೆ_ಕಡಲು:
ತುಂಬಾ ಉಪಕಾರವಾಯಿತು. ಎಚ್‌ಎಂಪಿಇ (ಬಲು ಗಟ್ಟಿಯಾದ ಪಾಲಿಎಥಿಲೀನ್ ನಾರು) ಹಗ್ಗ ಹಿಗ್ಗುವುದಿಲ್ಲ, ಹಾಗಾಗಿ ಕಡಿದರೂ ಬಡಿಯುವುದಿಲ್ಲ ಅನ್ನುತ್ತಾರಲ್ಲ?

ಉದುಮ_ಬೋಸನ್:
ಆ ಮಾತು ಅಪಾಯದ್ದು. ಹಗ್ಗವೊಂದೇ ಆದರೆ ಹಿಗ್ಗು ಕಡಿಮೆ, ನಿಜ. ಆದರೆ ಅದರ ತುದಿಗೆ 11 ಅಥವಾ 22 ಮೀಟರಿನ ಹಿಗ್ಗುವ ಬಾಲ ಸೇರಿಸುವುದು ರೂಢಿ, ಶಕ್ತಿ ಕೂಡಿಕೊಳ್ಳುವುದು ಆ ಬಾಲದಲ್ಲಿ. 2015ರಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ನಿನಲ್ಲಿ ಝರ್ಗಾ ಎಂಬ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಹಡಗಿನ ಎಚ್‌ಎಂಪಿಇ ಹಗ್ಗ ಕಡಿದು ಚಿಮ್ಮಿ ಅಧಿಕಾರಿಯೊಬ್ಬರ ತಲೆಗೆ ತೀವ್ರ ಗಾಯವಾಯಿತು. ಇನ್ನೊಂದು, ಎಚ್‌ಎಂಪಿಇ ಸುಮಾರು 145 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಡ್ರಮ್ಮಿನ ಮೇಲೆ ಜಾರಲು ಬಿಡಲೇಬಾರದು.

ಮಂಜೇಶ್ವರ_ವಿಂಚ್:
ವಿಂಚಿನ ಕಡೆಯದ್ದು ಯಾರೂ ಹೇಳಲಿಲ್ಲ. ಹಗ್ಗಕ್ಕಿಂತ ಮೊದಲು ಬ್ರೇಕ್ ಜಾರಬೇಕು, ಲೆಕ್ಕವೇ ಹಾಗೆ ಉಂಟು. ಹಡಗಿನ ವಿನ್ಯಾಸದ ಕಡಿಯುವ ಬಲ, ಎಂದರೆ ಆ ಹಡಗಿನ ಹೊಸ ಹಗ್ಗಕ್ಕೆ ಇರಬೇಕೆಂದು ಲೆಕ್ಕ ಹಾಕಿದ ಬಲ, 60 ಟನ್ ಎಂದಿಟ್ಟುಕೊಳ್ಳಿ. ಬ್ರೇಕನ್ನು ಅದರ ಶೇ. 60ಕ್ಕೆ, ಅಂದರೆ 36 ಟನ್ನಿಗೆ ಜಾರುವಂತೆ ಹೊಂದಿಸುತ್ತಾರೆ. ಸಿಂಥೆಟಿಕ್ ಹಗ್ಗದ ಮೇಲೆ ದಿನದ ಕೆಲಸದಲ್ಲಿ ಅರ್ಧಕ್ಕಿಂತ, ಎಂದರೆ 30 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು. ಹಗ್ಗದಲ್ಲಿ ಉಳಿದ ಬಲ ಆ 60 ಟನ್ನಿನ ಶೇ. 75ಕ್ಕೆ ಇಳಿಯುವ ಮೊದಲೇ ಹಗ್ಗ ಬದಲಿಸಬೇಕು. 2024ರ ಜನವರಿ 1ರಿಂದ ಸೋಲಾಸ್ (ಹಡಗು ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ಮೂರಿಂಗ್ ಹಗ್ಗದ ತಪಾಸಣೆ, ನಿರ್ವಹಣೆ ಕಡ್ಡಾಯ. ಆ ದಾಖಲೆ ಹಡಗಿನಲ್ಲೇ ಇರುತ್ತದೆ, ಹುಡುಗ ಕೇಳಿ ಓದಲಿ.

ಸ್ಪ್ಲಿಟ್ ಡ್ರಮ್ಮಿನಲ್ಲಿ (ಹಗ್ಗ ಶೇಖರಿಸಲು, ಎಳೆಯಲು ಎಂದು ಎರಡು ಭಾಗ ಮಾಡಿದ್ದು) ಎಳೆಯುವ ಭಾಗದಲ್ಲಿ ಹಗ್ಗ ಒಂದೇ ಪದರ ಇರಬೇಕು. ಎರಡನೆಯದು ಬಂದರೆ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಹೂತು ಹೋಗುತ್ತದೆ, ಬ್ರೇಕಿನ ಹಿಡಿತವೂ ಇಳಿಯುತ್ತದೆ. ಹಗ್ಗ ಬದಲಿಸಿದ ದಿನ ಎಲ್ಲರೂ ಮರೆಯುವುದು ಸುತ್ತಿನ ದಿಕ್ಕು. ಬ್ಯಾಂಡ್ ಬ್ರೇಕ್ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಬಿಗಿಯಾಗಿ ಹಿಡಿಯುವುದು ಒಂದೇ ದಿಕ್ಕಿಗೆ. ಉಲ್ಟಾ ಸುತ್ತಿದರೆ ಹಿಡಿತ ಅರ್ಧದಷ್ಟು ಬಿದ್ದು ಹೋಗಬಹುದು. ಡ್ರಮ್ಮಿನ ಮೇಲೆ ಬಾಣದ ಗುರುತು ಉಂಟಾ ಎಂದು ಹತ್ತಿದ ದಿನವೇ ನೋಡಲಿ. ಇಲ್ಲದಿದ್ದರೆ ಡೆಕ್ಕಿನ ಮೇಸ್ತ್ರಿ ಬೋಸನ್ನಿಗೆ ಹೇಳಿ ಬರೆಸಲಿ.